ಬೀದಿಯ ಘೋಷಣೆ, ಪಿಯಾನೋದ ಒಂದು ಗಂಟೆ

1973ರ ಮಧ್ಯಭಾಗ. ದಕ್ಷಿಣ ಅಮೆರಿಕದ ಚಿಲಿ ದೇಶದ ರಾಜಧಾನಿ ಸಾಂಟಿಯಾಗೊ. ಹಣಕಾಸು ಸಚಿವಾಲಯದ ಮುಂದಿನ ಚೌಕದಲ್ಲಿ ನಡೆದು ಹೋಗುತ್ತಿದ್ದ ಸಂಗೀತ ಸಂಯೋಜಕ ಸೆರ್ಹಿಯೊ ಒರ್ಟೇಗಾ ಅವರ ಕಿವಿಗೆ ಬೀದಿ ಗಾಯಕನೊಬ್ಬನ ಕೂಗು ಬಿತ್ತು. ಒಗ್ಗೂಡಿದ ಜನರನ್ನು ಎಂದೂ ಸೋಲಿಸಲಾಗದು ಎಂಬರ್ಥದ ಘೋಷಣೆ ಅದು. ಮನೆ ಸೇರಿದ ಮೇಲೂ ಆ ಕೂಗಿನ ಲಯ ಒರ್ಟೇಗಾ ಅವರ ಕಿವಿ ಬಿಡಲಿಲ್ಲ. ಅದಕ್ಕೊಂದು ಮಟ್ಟು ಹುಟ್ಟಿತು. 'ಕಿಲಪಯೂನ್' ಎಂಬ ಹಾಡುಗಾರರ ತಂಡದ ಜೊತೆ ಸೇರಿ ಅದನ್ನು ಹಾಡಾಗಿಸಿದರು. ಕೆಲವೇ ದಿನಗಳಲ್ಲಿ ಸಾವಿರಾರು ಜನ ಅದನ್ನು ಬೀದಿಯಲ್ಲಿ ಹಾಡತೊಡಗಿದರು.

ಮೂರು ತಿಂಗಳು ಕಳೆಯುವಷ್ಟರಲ್ಲಿ ಆ ಜನ ಸೋತಿದ್ದರು. 1973ರ ಸೆಪ್ಟೆಂಬರ್ 11ರಂದು ಜನರಲ್ ಪಿನೊಚೆಟ್ ನೇತೃತ್ವದ ಸೇನೆ ಅಧ್ಯಕ್ಷರ ಅರಮನೆಯ ಮೇಲೆ ವಿಮಾನಗಳಿಂದ ಬಾಂಬು ಹಾಕಿತು. ಚುನಾವಣೆಯಲ್ಲಿ ಗೆದ್ದು ಅಧ್ಯಕ್ಷರಾಗಿದ್ದ ಸಮಾಜವಾದಿ ನಾಯಕ ಸಾಲ್ವಡೋರ್ ಅಲೆಂಡೆ ಅದರೊಳಗೇ ಸತ್ತರು. ಗಾಯಕ ವಿಕ್ಟರ್ ಹಾರಾ ಅವರನ್ನು ಕ್ರೀಡಾಂಗಣವೊಂದರಲ್ಲಿ ಕೂಡಿಹಾಕಿ, ಚಿತ್ರಹಿಂಸೆ ಕೊಟ್ಟು ಗುಂಡಿಕ್ಕಿದರು. ಕಿಲಪಯೂನ್ ತಂಡ ಆಗ ಫ್ರಾನ್ಸ್ ಪ್ರವಾಸದಲ್ಲಿದ್ದುದರಿಂದ ಬದುಕಿಕೊಂಡಿತು. ಊರಿಗೆ ಮರಳುವ ದಾರಿ ಮಾತ್ರ ಮುಚ್ಚಿಹೋಯಿತು. ಒರ್ಟೇಗಾ ಕೂಡ ದೇಶಭ್ರಷ್ಟರಾಗಿ ಪ್ಯಾರಿಸ್ ಸೇರಿದರು.

ಹೀಗೆ ನೆಲೆ ತಪ್ಪಿದ ಹಾಡಿಗೆ ಎರಡು ವರ್ಷಗಳ ನಂತರ ಯಾರೂ ಊಹಿಸದ ಇನ್ನೊಂದು ಜನ್ಮ ಸಿಕ್ಕಿತು. ಅಮೆರಿಕದ ಸಂಯೋಜಕ ಹಾಗೂ ಪಿಯಾನೋ ವಾದಕ ಫ್ರೆಡರಿಕ್ ಜೆವ್‌ಸ್ಕಿ 1975ರ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಅದೇ ಮಟ್ಟನ್ನು ಎತ್ತಿಕೊಂಡು, ಅದರ ಮೇಲೆ 36 ವಿಸ್ತರಣೆಗಳ ಒಂದು ಪಿಯಾನೋ ಕೃತಿ ರಚಿಸಿದರು. ಹಾಡಿನ ಹೆಸರನ್ನೇ ಕೃತಿಗೂ ಇಟ್ಟರು. ನುಡಿಸಲು ಸುಮಾರು ಒಂದು ಗಂಟೆ ಹಿಡಿಯುವ ಈ ರಚನೆ, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಒಂಟಿ ಪಿಯಾನೋಗಾಗಿ ಹುಟ್ಟಿದ ಅತ್ಯಂತ ದೊಡ್ಡ ಕೃತಿಗಳಲ್ಲಿ ಒಂದು. ಅತ್ಯಂತ ಕಷ್ಟದ್ದೂ ಹೌದು. ಬೀದಿಯಲ್ಲಿ ಯಾರು ಬೇಕಾದರೂ ಹಾಡಬಹುದಾಗಿದ್ದ ಮಟ್ಟನ್ನು, ಜಗತ್ತಿನಲ್ಲಿ ಕೆಲವೇ ಕೆಲವರು ನುಡಿಸಬಲ್ಲ ಕೃತಿಯನ್ನಾಗಿ ಮಾಡುವುದರಲ್ಲಿ ಏನರ್ಥ? ಜೆವ್‌ಸ್ಕಿ ಅವರ ಬದುಕು ಬಹುಮಟ್ಟಿಗೆ ಈ ಪ್ರಶ್ನೆಯ ಸುತ್ತಲೇ ನಡೆಯಿತು.

ಅವರ ಹೆಸರಿನ ಬಗ್ಗೆ ಒಂದು ಮಾತು. ಅವರದು ಪೋಲೆಂಡ್ ಮೂಲದ ಮನೆತನ. ರೋಮನ್ ಲಿಪಿಯಲ್ಲಿ ಹೆಸರು 'ರ' ಅಕ್ಷರದಿಂದ ಆರಂಭವಾದರೂ ಆ ಅಕ್ಷರಕ್ಕೆ ಉಚ್ಚಾರದಲ್ಲಿ ಜಾಗವಿಲ್ಲ. ಪಾಶ್ಚಾತ್ಯ ಪತ್ರಿಕೆಗಳವರೇ ಈ ಹೆಸರಿನ ಮುಂದೆ ತಡವರಿಸುವುದುಂಟು.

ಜೆವ್‌ಸ್ಕಿ ಹುಟ್ಟಿದ್ದು 1938ರ ಏಪ್ರಿಲ್ 13ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೆಸ್ಟ್‌ಫೀಲ್ಡ್ ಪಟ್ಟಣದಲ್ಲಿ. ಐದನೆಯ ವಯಸ್ಸಿಗೇ ಪಿಯಾನೋ ಪಾಠ ಆರಂಭವಾಯಿತು. ಮುಂದೆ ಹಾರ್ವರ್ಡ್, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳಲ್ಲಿ ಓದು. ವಾಲ್ಟರ್ ಪಿಸ್ಟನ್, ರೋಜರ್ ಸೆಷನ್ಸ್, ಮಿಲ್ಟನ್ ಬ್ಯಾಬಿಟ್ ಅವರಂಥ ಗುರುಗಳು. ಆ ಕಾಲದ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಸಂಗೀತ ರಚನೆ ಎಂದರೆ ಗಣಿತಕ್ಕೆ ಹತ್ತಿರದ ವಿದ್ಯೆ. ಸ್ವರಗಳ ಸರಣಿಯನ್ನು ಮೊದಲೇ ನಿಗದಿ ಮಾಡಿ, ತಿರುಗಿಸಿ ಮುರುಗಿಸಿ ಕಟ್ಟುವ ಕ್ರಮ ಅಲ್ಲಿ ಆಳುತ್ತಿತ್ತು. ಕೇಳುಗರು ಗುನುಗಿಕೊಳ್ಳಬಹುದಾದ ಮಟ್ಟು ಅಲ್ಲಿ ಹೆಚ್ಚುಕಡಿಮೆ ನಾಚಿಕೆಯ ವಸ್ತು. ಈ ವಿದ್ಯೆಯನ್ನು ಚೆನ್ನಾಗಿಯೇ ಕಲಿತ ಜೆವ್‌ಸ್ಕಿ 1960ರಲ್ಲಿ ಇಟಲಿಗೆ ಹೋದರು. ಫ್ಲಾರೆನ್ಸ್‌ನಲ್ಲಿ ಲುಯಿಜಿ ದಲ್ಲಾಪಿಕ್ಕೊಲಾ ಅವರ ಬಳಿ ಅಭ್ಯಾಸ ಮುಂದುವರಿಯಿತು.

ಯುರೋಪಿನಲ್ಲಿ ಅವರಿಗೆ ಮೊದಲು ಹೆಸರು ಬಂದದ್ದು ಸಂಯೋಜಕರೆಂದಲ್ಲ, ವಾದಕರೆಂದು. ಜರ್ಮನಿಯ ಕಾರ್ಲ್‌ಹೈನ್ಜ್ ಸ್ಟಾಕ್‌ಹೌಸನ್ ಬರೆದ ಹತ್ತನೆಯ ಪಿಯಾನೋ ಕೃತಿಯನ್ನು 1962ರಲ್ಲಿ ಇಟಲಿಯ ಪಲೆರ್ಮೊದಲ್ಲಿ ಮೊದಲ ಬಾರಿಗೆ ನುಡಿಸಿದವರು ಇವರೇ. ಆ ಕೃತಿಯಲ್ಲಿ ಬೆರಳಷ್ಟೇ ಅಲ್ಲ, ಅಂಗೈ, ಮುಂಗೈಗಳಿಂದಲೂ ಮನೆಗಳನ್ನು ಒಟ್ಟೊಟ್ಟಿಗೆ ಒತ್ತಬೇಕು. ಹಾಗೆ ಒತ್ತಿದ ಸ್ವರಗುಚ್ಛಗಳನ್ನು ಮಿಂಚಿನ ವೇಗದಲ್ಲಿ ಎಳೆದುಕೊಂಡು ಹೋಗಬೇಕು. ಚರ್ಮ ಸುಲಿಯದಿರಲೆಂದು ವಾದಕರು ಬೆರಳ ತುದಿ ಕತ್ತರಿಸಿದ ಕೈಗವಸು ತೊಟ್ಟು ನುಡಿಸುತ್ತಾರೆ. ಇಪ್ಪತ್ತನಾಲ್ಕರ ಹರೆಯದಲ್ಲಿ ಇಂಥದ್ದನ್ನು ನಿಭಾಯಿಸಿದ ಮೇಲೆ, ಅದೇ ದಾರಿಯಲ್ಲಿ ಮುಂದುವರಿದು ನವ್ಯ ಸಂಗೀತದ ತಾರೆಯಾಗುವುದು ಅವರಿಗೆ ಕಷ್ಟವಾಗುತ್ತಿರಲಿಲ್ಲ.

ಅವರು ಹಾಗೆ ಮಾಡಲಿಲ್ಲ. 1966ರಲ್ಲಿ ರೋಮ್ ನಗರದಲ್ಲಿ ಆಲ್ವಿನ್ ಕರನ್, ರಿಚರ್ಡ್ ಟೈಟಲ್‌ಬಾಮ್ ಮೊದಲಾದ ಗೆಳೆಯರ ಜೊತೆಗೂಡಿ 'ಮ್ಯೂಸಿಕಾ ಎಲೆಟ್ರೋನಿಕಾ ವಿವಾ' ಎಂಬ ತಂಡ ಕಟ್ಟಿದರು. ಅಲ್ಲಿ ಮೊದಲೇ ಬರೆದ ಸ್ವರಲಿಪಿ ಇರುತ್ತಿರಲಿಲ್ಲ. ಆ ಹೊತ್ತಿಗೆ ಹೊಳೆದದ್ದೇ ಸಂಗೀತ. ವಾದ್ಯಗಳೂ ಅಷ್ಟೇ. ಗಾಜಿನ ಹಲಗೆಗೆ ಪುಟ್ಟ ಮೈಕು ಅಂಟಿಸಿ ಅದನ್ನು ಕೆರೆದು ಜೆವ್‌ಸ್ಕಿ ನಾದ ಹೊರಡಿಸುತ್ತಿದ್ದರು. ಎಣ್ಣೆಯ ಡಬ್ಬಿ ಇನ್ನೊಬ್ಬರ ವಾದ್ಯ. ಆಗಷ್ಟೇ ಬಂದಿದ್ದ ಮೂಗ್ ಎಂಬ ವಿದ್ಯುನ್ಮಾನ ವಾದ್ಯ ಮತ್ತೊಬ್ಬರದು. 1960ರ ದಶಕದ ಕೊನೆಯ ಹೊತ್ತಿಗೆ ಈ ಪ್ರಯೋಗ ಎಲ್ಲಿಗೆ ಮುಟ್ಟಿತೆಂದರೆ, ಕೇಳಲು ಬಂದವರೇ ಕೈಗೆ ಸಿಕ್ಕ ವಾದ್ಯ ಹಿಡಿದು ಜೊತೆ ಸೇರಬಹುದಿತ್ತು. ವೇದಿಕೆ ಯಾವುದು, ಪ್ರೇಕ್ಷಕರ ಸಾಲು ಯಾವುದು ಎಂಬುದೇ ತಿಳಿಯುತ್ತಿರಲಿಲ್ಲ. ಈ ಗದ್ದಲದಲ್ಲಿ ಸಂಗೀತ ಎಷ್ಟು ಉಳಿಯಿತು ಎಂದು ಕೇಳಿದರೆ ತಪ್ಪಾಗದು. ಆದರೆ ಕಛೇರಿಯೆಂಬ ವ್ಯವಸ್ಥೆಯಲ್ಲಿ ಆಜ್ಞೆ ಮಾಡುವವರು ಯಾರು, ಪಾಲಿಸುವವರು ಯಾರು ಎಂಬ ಪ್ರಶ್ನೆ ಜೆವ್‌ಸ್ಕಿ ಅವರೊಳಗೆ ಗಟ್ಟಿಯಾಗಿ ಬೇರೂರಿದ್ದು ಇಲ್ಲಿಯೇ.

1969ರ 'ಪನೂರ್ಜನ ಕುರಿಗಳು' ಎಂಬ ರಚನೆಯಲ್ಲಿ ಆ ಪ್ರಶ್ನೆ ತಮಾಷೆಯ ರೂಪ ತಾಳಿತು. ಹೆಸರು ಫ್ರಾನ್ಸಿನ ಹಳೆಯ ಲೇಖಕ ರಾಬೆಲೆಯ ಕಥೆಯೊಂದರಿಂದ ಬಂದದ್ದು. ಒಂದು ಕುರಿಯನ್ನು ಸಮುದ್ರಕ್ಕೆ ಎಸೆದರೆ ಉಳಿದವೆಲ್ಲ ಅದರ ಹಿಂದೆಯೇ ಹಾರುತ್ತವೆ. ಕುರಿಮಂದೆಯ ಹೋಲಿಕೆ ಕನ್ನಡದವರಿಗೂ ಹೊಸದಲ್ಲ. ರಚನೆ ಇಷ್ಟೇ: 65 ಸ್ವರಗಳ ಒಂದು ಸಾಲು. ಎಲ್ಲರೂ ಮೊದಲು ಒಂದು ಸ್ವರ, ಆಮೇಲೆ ಒಂದು-ಎರಡು, ಆಮೇಲೆ ಒಂದು-ಎರಡು-ಮೂರು ಎಂದು ಏರಿಸುತ್ತ 65ರ ತನಕ ಒಟ್ಟಿಗೆ ನುಡಿಸಬೇಕು. ನಂತರ ಮೊದಲಿನಿಂದ ಒಂದೊಂದೇ ಸ್ವರ ಬಿಡುತ್ತ ಇಳಿಯಬೇಕು. ತಪ್ಪದೆ ಹೋಗುವುದು ದುಸ್ಸಾಧ್ಯ. ಹಾಗಾದರೆ ತಪ್ಪಿದವರು ಏನು ಮಾಡಬೇಕು? ಸಂಯೋಜಕರ ಸೂಚನೆ ಸ್ಪಷ್ಟವಾಗಿದೆ: ತಪ್ಪಿದವರು ತಪ್ಪಿದ ದಾರಿಯಲ್ಲೇ ಇರಬೇಕು, ಮಂದೆಯೊಳಗೆ ಮತ್ತೆ ಸೇರಲು ಯತ್ನಿಸಬಾರದು. ಒಬ್ಬೊಬ್ಬರೇ ಜಾರುತ್ತ ಹೋದಂತೆ ಒಂದೇ ಸಾಲು ಹತ್ತು ಸಾಲಾಗಿ ಹೆಣೆದುಕೊಳ್ಳುತ್ತದೆ. ಕೃತಿಯ ಸೊಗಸು ಇರುವುದು ಈ ತಪ್ಪುಗಳಲ್ಲಿಯೇ.

ತಮಾಷೆಯ ಕಾಲ ಬೇಗ ಮುಗಿಯಿತು. 1971ರಲ್ಲಿ ಜೆವ್‌ಸ್ಕಿ ನ್ಯೂಯಾರ್ಕಿಗೆ ಮರಳಿದರು. ಅದೇ ವರ್ಷ ಸೆಪ್ಟೆಂಬರ್ 9ರಂದು ಆ ರಾಜ್ಯದ ಆಟಿಕಾ ಸೆರೆಮನೆಯಲ್ಲಿ ಕೈದಿಗಳು ದಂಗೆಯೆದ್ದರು. ಮನುಷ್ಯರಂತೆ ನಡೆಸಿಕೊಳ್ಳಿ ಎಂಬುದು ಅವರ ಬೇಡಿಕೆಗಳ ತಿರುಳು. ಕಾವಲುಗಾರರನ್ನು ಒತ್ತೆಯಾಗಿ ಇಟ್ಟುಕೊಂಡು ಅವರು ನಾಲ್ಕು ದಿನ ಮಾತುಕತೆ ನಡೆಸಿದರು. 13ರಂದು ಗವರ್ನರ್ ನೆಲ್ಸನ್ ರಾಕ್‌ಫೆಲ್ಲರ್ ಆದೇಶದಂತೆ ಸಶಸ್ತ್ರ ಪೊಲೀಸರು ಒಳನುಗ್ಗಿ ಗುಂಡಿನ ಮಳೆಗರೆದರು. ಇಡೀ ಪ್ರಕರಣದಲ್ಲಿ ಸತ್ತವರು 43 ಮಂದಿ. ಒತ್ತೆಯಾಳುಗಳ ಕತ್ತು ಕೊಯ್ದು ಕೊಂದವರು ಕೈದಿಗಳೇ ಎಂದು ಅಧಿಕಾರಿಗಳು ಮೊದಲು ಹೇಳಿಕೆ ಕೊಟ್ಟರು. ಶವಪರೀಕ್ಷೆ ಆ ಮಾತನ್ನು ಸುಳ್ಳು ಮಾಡಿತು. ಆ ದಿನ ಒತ್ತೆಯಾಳುಗಳು ಸತ್ತದ್ದೂ ಪೊಲೀಸರ ಗುಂಡಿನಿಂದಲೇ.

ಸತ್ತ ಕೈದಿಗಳಲ್ಲಿ ಸ್ಯಾಮ್ ಮೆಲ್ವಿಲ್ ಒಬ್ಬ. ನ್ಯೂಯಾರ್ಕಿನ ಸರ್ಕಾರಿ ಕಚೇರಿ, ಕಂಪನಿ ಕಟ್ಟಡಗಳಿಗೆ 1969ರಲ್ಲಿ ಬಾಂಬು ಇಟ್ಟ ಅಪರಾಧಕ್ಕಾಗಿ ಸೆರೆಯಲ್ಲಿದ್ದವನು. ಸಂತನೇನೂ ಅಲ್ಲ. ದಂಗೆಗೆ ಕೆಲವು ತಿಂಗಳ ಮೊದಲು ಅವನು ಹೊರಗಿನವರಿಗೆ ಒಂದು ಪತ್ರ ಬರೆದಿದ್ದ. ಸೆರೆಯಲ್ಲಿ ದಿನಗಳು ಹೇಗೆ ವೇಗವಾಗಿ ಉರುಳುತ್ತಿವೆ, ತನ್ನ ಮನಸ್ಸು ಹೇಗೆ ಹದದಲ್ಲಿದೆ ಎಂದು ಹೇಳುವ, ಮೇಲ್ನೋಟಕ್ಕೆ ಶಾಂತವಾದ ಪತ್ರ. ಅವನ ಸಾವಿನ ನಂತರ ಅದು ಪ್ರಕಟವಾಯಿತು. ಜೆವ್‌ಸ್ಕಿ ಅದನ್ನು ಮತ್ತೆ ಮತ್ತೆ ಓದಿಕೊಂಡು 'ಕಮಿಂಗ್ ಟುಗೆದರ್' ಎಂಬ ಕೃತಿ ಬರೆದರು. ಅದರಲ್ಲಿ ಪತ್ರವನ್ನು ಯಾರೂ ಹಾಡುವುದಿಲ್ಲ, ಒಬ್ಬರು ಓದುತ್ತಾರೆ. ಓದಿದ ವಾಕ್ಯಕ್ಕೆ ಇನ್ನೊಂದು ಸೇರುತ್ತದೆ, ಮತ್ತೆ ಮೊದಲಿನಿಂದ ಓದು, ಮತ್ತೊಂದು ವಾಕ್ಯ. ಕೆಳಗಡೆ ಮಂದ್ರಸ್ಥಾಯಿಯಲ್ಲಿ ಒಂದು ಕ್ಷಣವೂ ನಿಲ್ಲದೆ ಓಡುವ ಸ್ವರಗಳ ಸಾಲು. ಕುರಿಗಳ ಆಟದಲ್ಲಿ ನಗು ತರಿಸಿದ್ದ ಈ ಕೂಡಿಸುವ ಲೆಕ್ಕ ಇಲ್ಲಿ ಬೇರೆಯೇ ಪರಿಣಾಮ ಮಾಡುತ್ತದೆ. ಸೆರೆಯ ಕೋಣೆಯಲ್ಲಿ ಒಬ್ಬ ಮನುಷ್ಯ ಅತ್ತಿಂದಿತ್ತ ಓಡಾಡುತ್ತ ಒಂದೇ ಮಾತನ್ನು ತಿರುತಿರುಗಿ ಯೋಚಿಸುತ್ತಿರುವುದು ಕೇಳಿಸುತ್ತದೆ. ಶಾಂತವಾಗಿ ಆರಂಭವಾದ ಓದು ಇಪ್ಪತ್ತು ನಿಮಿಷಗಳಲ್ಲಿ ಉಸಿರುಗಟ್ಟಿಸುವ ಮಟ್ಟಕ್ಕೆ ಏರುತ್ತದೆ. ಸಂಗೀತ ಇಲ್ಲಿ ಯಾವ ತೀರ್ಪನ್ನೂ ಕೊಡುವುದಿಲ್ಲ. ಹಾಗಾಗಿಯೇ, ರಾಜಕೀಯ ಸಂಗೀತವೆಂದು ಹೆಸರಾದ ಎಷ್ಟೋ ಕೃತಿಗಳಿಗಿಂತ ಇದು ಗಟ್ಟಿಯಾಗಿ ನಿಂತಿದೆ.

ಆ ವರ್ಷಗಳಲ್ಲಿ ಜೆವ್‌ಸ್ಕಿ ಅವರಂತೆಯೇ ಯೋಚಿಸುತ್ತಿದ್ದ ಬೇರೆಯವರೂ ಇದ್ದರು. ಇಂಗ್ಲೆಂಡಿನ ಕಾರ್ನೀಲಿಯಸ್ ಕಾರ್ಡ್ಯೂ ಅವರಲ್ಲಿ ಮುಖ್ಯರು. ಸ್ಟಾಕ್‌ಹೌಸನ್‌ಗೆ ಸಹಾಯಕರಾಗಿದ್ದ ಕಾರ್ಡ್ಯೂ ಮುಂದೆ ಮಾವೋವಾದಿಯಾಗಿ, ಸ್ಟಾಕ್‌ಹೌಸನ್ ಸಂಗೀತ ಸಾಮ್ರಾಜ್ಯಶಾಹಿಯ ಸೇವೆಯಲ್ಲಿದೆ ಎಂದು 1974ರಲ್ಲಿ ಪುಸ್ತಕವನ್ನೇ ಪ್ರಕಟಿಸಿದರು. ತಮ್ಮ ಹಳೆಯ ಪ್ರಯೋಗಗಳನ್ನೂ ತಿರಸ್ಕರಿಸಿ, ಕಾರ್ಮಿಕರು ಹಾಡಬಲ್ಲ ಸರಳ ಗೀತೆಗಳನ್ನು ಬರೆಯತೊಡಗಿದರು. ಜನರಿಗೆ ಬೇಕಾದರೆ ಸರಳವಾಗಿರಬೇಕು, ಕಷ್ಟವಾದದ್ದೆಲ್ಲ ಉಳ್ಳವರದು ಎಂಬ ವಾದ ಅದು. ಪ್ರಾಮಾಣಿಕ ವಾದವೇ. ಆದರೆ ಆ ಗೀತೆಗಳಲ್ಲಿ ಹೆಚ್ಚಿನವು ಕಾರ್ಮಿಕರ ಬಾಯಿಗೂ ಹತ್ತಲಿಲ್ಲ, ಸಭಾಂಗಣದಲ್ಲೂ ಉಳಿಯಲಿಲ್ಲ. ಜೆವ್‌ಸ್ಕಿ ಈ ಗೆಳೆಯನ ಪ್ರಶ್ನೆಯನ್ನು ಒಪ್ಪಿಕೊಂಡರು, ಉತ್ತರವನ್ನು ಒಪ್ಪಲಿಲ್ಲ. ತಾನು ಕಲಿತ ವಿದ್ಯೆಯನ್ನು ಎಸೆಯುವುದರಿಂದ ಬಡವರಿಗೆ ಏನೂ ಸಿಕ್ಕುವುದಿಲ್ಲ ಎಂಬುದನ್ನು ಅವರ ಕೃತಿಗಳೇ ಹೇಳುತ್ತವೆ.

ಚಿಲಿಯ ಹಾಡಿನ ಮೇಲಿನ ಕೃತಿ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ಅದಕ್ಕೊಂದು ಹೊರಗಿನ ಕಾರಣವೂ ಇತ್ತು. 1976 ಅಮೆರಿಕದ ಸ್ವಾತಂತ್ರ್ಯದ ದ್ವಿಶತಮಾನೋತ್ಸವದ ವರ್ಷ. ರಾಜಧಾನಿ ವಾಷಿಂಗ್ಟನ್‌ನ ಕೆನಡಿ ಕೇಂದ್ರದಲ್ಲಿ ಅದರ ನೆನಪಿಗಾಗಿ ಪಿಯಾನೋ ಕಛೇರಿಗಳ ಸರಣಿ ಏರ್ಪಾಡಾಗಿತ್ತು. ವಾದಕಿ ಉರ್ಸುಲಾ ಆಪನ್ಸ್ ತಮ್ಮ ಕಛೇರಿಗಾಗಿ ಹೊಸ ಕೃತಿಯೊಂದನ್ನು ಜೆವ್‌ಸ್ಕಿ ಅವರಿಂದ ಬಯಸಿದರು. ಬೆಥೋವನ್ ತನ್ನ ಕೊನೆಯ ವರ್ಷಗಳಲ್ಲಿ ಡಯಾಬೆಲ್ಲಿ ಎಂಬ ಪ್ರಕಾಶಕನ ಸಾಧಾರಣ ವಾಲ್ಟ್ಸ್ ಮಟ್ಟೊಂದರ ಮೇಲೆ 33 ವಿಸ್ತರಣೆಗಳ ಮಹಾಕೃತಿ ಕಟ್ಟಿದ್ದ. ಅದರ ಪಕ್ಕದಲ್ಲಿ ಇಡಬಹುದಾದ ಕೃತಿ ಬೇಕೆಂಬುದು ಆಪನ್ಸ್ ಅವರ ಆಸೆ.

ವಿಸ್ತರಣೆಗಳ ಕ್ರಮ ಪಾಶ್ಚಾತ್ಯ ಸಂಗೀತದಲ್ಲಿ ಬಹು ಹಳೆಯದು. ನಮ್ಮ ಗಾಯಕರು ನೆರವಲ್‌ನಲ್ಲಿ ಒಂದೇ ಸಾಲನ್ನು ಹಿಡಿದು ಬಗೆಬಗೆಯಾಗಿ ಬೆಳೆಸುತ್ತಾರಲ್ಲ, ದೂರದಿಂದ ನೋಡಿದರೆ ಅದಕ್ಕೆ ಹೋಲಿಕೆ ಉಂಟು. ವ್ಯತ್ಯಾಸವೆಂದರೆ ಅಲ್ಲಿ ಬೆಳೆಸುವವನು ಸಂಯೋಜಕ, ಹಾಳೆಯ ಮೇಲೆ. ಒಂದೊಂದು ವಿಸ್ತರಣೆಯೂ ಸಣ್ಣದೊಂದು ಬಿಡಿ ರಚನೆಯಂತೆ ಇರುತ್ತದೆ. ಜೆವ್‌ಸ್ಕಿ ಕೃತಿಯ ಆರಂಭದಲ್ಲಿ ಹಾಡು 36 ಗಡಿಗಳಲ್ಲಿ ಸೀದಾ ಸರಳವಾಗಿ ಬರುತ್ತದೆ. ಮೊದಲ ಬಾರಿ ಕೇಳುವವರಿಗೂ ಮಟ್ಟು ಕಿವಿಯಲ್ಲಿ ನಿಲ್ಲುತ್ತದೆ. ನಂತರದ 36 ವಿಸ್ತರಣೆಗಳು ಆರಾರರ ಆರು ಗುಂಪುಗಳಾಗಿವೆ. ಪ್ರತಿ ಗುಂಪಿನಲ್ಲಿ ಮೊದಲನೆಯದು ಬಿಡಿಬಿಡಿ ಘಟನೆಗಳಂಥ ಸ್ವರಗಳದು, ಎರಡನೆಯದು ಲಯದ್ದು, ಮೂರನೆಯದು ರಾಗಧಾರೆಯದು, ನಾಲ್ಕನೆಯದರಲ್ಲಿ ಸಾಲುಗಳು ಪರಸ್ಪರ ಎದುರಾಗುತ್ತವೆ, ಐದನೆಯದರಲ್ಲಿ ಸ್ವರಮೇಳ. ಆರನೆಯದು ಆ ಐದನ್ನೂ ಒಟ್ಟುಗೂಡಿಸುತ್ತದೆ. ಹೀಗೆ ಐದು ಗುಂಪುಗಳಾದ ಮೇಲೆ ಆರನೆಯ ಗುಂಪು ಹಿಂದಿನ ಐದೂ ಗುಂಪುಗಳನ್ನು ಒಟ್ಟಿಗೆ ತರುತ್ತದೆ. ಐದು ಬೆರಳು ಸಮವಿಲ್ಲದಿದ್ದರೂ ಮಡಿಸಿದರೆ ಮುಷ್ಟಿಯಾಗುವ ಹಾಗೆ. ಒಗ್ಗೂಡುವುದು ಇಲ್ಲಿ ಹಾಡಿನ ಮಾತಿನಲ್ಲಷ್ಟೇ ಇಲ್ಲ, ಕೃತಿಯ ಕಟ್ಟೋಣವೇ ಅದು.

ಈ ಲೆಕ್ಕಾಚಾರ ಗೊತ್ತಿಲ್ಲದವರಿಗೂ ಕೃತಿ ತಲುಪುತ್ತದೆ. ಮೊದಲ ವಿಸ್ತರಣೆಯಲ್ಲೇ ಮಟ್ಟು ಚೂರುಚೂರಾಗಿ, ಪಿಯಾನೋದ ಒಂದು ತುದಿಯಿಂದ ಇನ್ನೊಂದು ತುದಿಗೆ ಹನಿಗಳಂತೆ ಸಿಡಿಯುತ್ತದೆ. ಮುಂದೆ ಅದು ಒಮ್ಮೆ ಜಾಝ್ ಆಗುತ್ತದೆ, ಒಮ್ಮೆ ಹತ್ತೊಂಬತ್ತನೆಯ ಶತಮಾನದ ಭಾವಗೀತೆಯಂತೆ ತುಂಬಿ ಹರಿಯುತ್ತದೆ, ಒಮ್ಮೆ ಅಮೆರಿಕದ ವಿಶ್ವವಿದ್ಯಾಲಯಗಳ ಒಣ ಗಣಿತಕ್ಕೆ ಇಳಿಯುತ್ತದೆ. ವಾದಕರು ಸಿಳ್ಳೆ ಹಾಕಬೇಕು, ಪಿಯಾನೋದ ಮುಚ್ಚಳವನ್ನು ಧಡಾರನೆ ಬಡಿಯಬೇಕು, ಒಂದೆಡೆ ಚಿಕ್ಕದಾಗಿ ಕೂಗಲೂಬೇಕು. ಮುಚ್ಚಳದ ಸದ್ದು ಗುಂಡಿನ ಸದ್ದೋ ಸೆರೆಮನೆಯ ಬಾಗಿಲೋ ಎಂಬುದು ಕೇಳುಗರಿಗೆ ಬಿಟ್ಟದ್ದು. ನಡುವೆ ಬೇರೆ ಎರಡು ಹಾಡುಗಳ ನೆರಳು ಹಾಯುತ್ತದೆ. ಒಂದು ಇಟಲಿಯ ಕಾರ್ಮಿಕರ ಕೆಂಬಾವುಟದ ಹಾಡು. ಇನ್ನೊಂದು, ಹಿಟ್ಲರ್ ಬರುವ ಮುನ್ನಿನ ದಿನಗಳಲ್ಲಿ ಬ್ರೆಕ್ಟ್ ಬರೆದು ಹಾನ್ಸ್ ಐಸ್ಲರ್ ಮಟ್ಟು ಹಾಕಿದ ಒಗ್ಗಟ್ಟಿನ ಹಾಡು. ಈ ಎರಡು ದೇಶಗಳಲ್ಲೂ ಹಾಡಿದವರು ಒಮ್ಮೆ ಸೋತವರೇ. ಜೆವ್‌ಸ್ಕಿ ಅದನ್ನು ಮರೆಮಾಚದೆ ಕೃತಿಯ ಒಳಗೇ ಇಟ್ಟಿದ್ದಾರೆ.

1976ರ ಫೆಬ್ರುವರಿ 7ರಂದು ಆಪನ್ಸ್ ಈ ಕೃತಿಯನ್ನು ಮೊದಲ ಬಾರಿಗೆ ನುಡಿಸಿದರು. ಆ ಸ್ಥಳ, ಆ ಕಾಲ ಎರಡನ್ನೂ ಗಮನಿಸಬೇಕು. ಅಲೆಂಡೆ ಸರ್ಕಾರವನ್ನು ಅಸ್ಥಿರಗೊಳಿಸಲು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಹೇಗೆ ಹಣ ಸುರಿದಿತ್ತು, ವಿರೋಧ ಪಕ್ಷಗಳಿಗೂ ಪತ್ರಿಕೆಗೂ ಹೇಗೆ ಬೆಂಬಲ ಕೊಟ್ಟಿತ್ತು ಎಂಬ ವಿವರಗಳನ್ನು ಸೆನೆಟ್‌ನ ಚರ್ಚ್ ಸಮಿತಿ ಬಹಿರಂಗಪಡಿಸಿ ಎರಡು ತಿಂಗಳೂ ಆಗಿರಲಿಲ್ಲ. ಆ ವರದಿ ಹೊರಬಿದ್ದದ್ದು 1975ರ ಡಿಸೆಂಬರ್‌ನಲ್ಲಿ. ವರದಿ ಬಂದ ನಗರದಲ್ಲಿಯೇ, ದೇಶದ ಹುಟ್ಟುಹಬ್ಬದ ಹೆಸರಿನಲ್ಲಿ, ಚಿಲಿಯ ಸೋತವರ ಹಾಡು ಒಂದು ಗಂಟೆ ಕಾಲ ಮೊಳಗಿತು. ಅದೇ ವರ್ಷ ಸೆಪ್ಟೆಂಬರ್ 21ರಂದು ಅಲೆಂಡೆ ಸರ್ಕಾರದಲ್ಲಿ ಸಚಿವರೂ ರಾಯಭಾರಿಯೂ ಆಗಿದ್ದ ಓರ್ಲಾಂಡೊ ಲೆತೆಲಿಯೆರ್ ಅವರನ್ನು ಪಿನೊಚೆಟ್‌ನ ಗೂಢಚಾರರು ವಾಷಿಂಗ್ಟನ್ನಿನ ನಡುಬೀದಿಯಲ್ಲಿ ಕಾರಿಗೆ ಬಾಂಬು ಇಟ್ಟು ಕೊಂದರು. ಸಂಗೀತದಿಂದ ಯಾವ ಕೊಲೆಯೂ ತಪ್ಪಲಿಲ್ಲ. ಪಿನೊಚೆಟ್ 1990ರವರೆಗೂ ಅಧಿಕಾರದಲ್ಲಿ ಉಳಿದ.

ಹಾಗಾದರೆ ಕೃತಿ ಮಾಡಿದ್ದೇನು? ಬೀದಿಯ ಹಾಡಿಗೆ ಒಂದು ದೌರ್ಬಲ್ಯವಿದೆ. ಹಾಡುವವರು ಚದುರಿದರೆ ಅದೂ ಚದುರುತ್ತದೆ. ಜೆವ್‌ಸ್ಕಿ ಅದನ್ನು ಬೆಥೋವನ್ನನ ಪಕ್ಕದ ಕಪಾಟಿಗೆ ಸೇರಿಸಿದರು. ಇನ್ನು ಮೇಲೆ ಪಿಯಾನೋ ವಿದ್ಯೆಯಲ್ಲಿ ಮೇಲೇರಬೇಕೆಂಬ ಯುವಕ ಯುವತಿಯರು ಈ ಹಾಡನ್ನು ತಿಂಗಳುಗಟ್ಟಲೆ ಕೂತು ಕಲಿಯಬೇಕು. ಕಲಿಯುವಾಗ ಇದು ಎಲ್ಲಿಯದು, ಯಾರದು ಎಂದು ಕೇಳದೆ ಇರಲಾರರು. ಆಪನ್ಸ್ ಧ್ವನಿಮುದ್ರಿಕೆಯ ನಂತರ ಸಂಯೋಜಕರೇ ಹಲವು ಬಾರಿ ಅದನ್ನು ಮುದ್ರಿಸಿದರು. ಮಾರ್ಕ್-ಆಂಡ್ರೆ ಹ್ಯಾಮ್ಲಿನ್ ನುಡಿಸಿದರು. 2015ರಲ್ಲಿ ಇಗೊರ್ ಲೆವಿಟ್ ಎಂಬ ಯುವ ವಾದಕ ಬಾಖ್‌ನ ಗೋಲ್ಡ್‌ಬರ್ಗ್, ಬೆಥೋವನ್‌ನ ಡಯಾಬೆಲ್ಲಿ ಕೃತಿಗಳ ಜೊತೆ ಇದನ್ನೂ ಒಂದೇ ಸಂಪುಟದಲ್ಲಿ ತಂದರು. ಮರುವರ್ಷ ಬ್ರಿಟನ್ನಿನ 'ಗ್ರಾಮಫೋನ್' ಪತ್ರಿಕೆ ಅದನ್ನು ವರ್ಷದ ಧ್ವನಿಮುದ್ರಿಕೆಯೆಂದು ಆರಿಸಿತು.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ದುಬಾರಿ ಟಿಕೆಟಿನ ಸಭಾಂಗಣದಲ್ಲಿ ಉಳ್ಳವರು ಕ್ರಾಂತಿಯ ಹಾಡಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿ, ಊಟಕ್ಕೆ ಹೋಗುತ್ತಾರೆ. ಘೋಷಣೆ ಅಲಂಕಾರವಾಗುವ ಅಪಾಯ ಸುಳ್ಳಲ್ಲ. 2015ರಲ್ಲಿ, 77ರ ವಯಸ್ಸಿನಲ್ಲಿ, ಜೆವ್‌ಸ್ಕಿ ಈ ಇಡೀ ಕೃತಿಯನ್ನು ಪಿಟ್ಸ್‌ಬರ್ಗ್ ನಗರದ ಮೀನು ಮಾರುಕಟ್ಟೆಯೊಂದರಲ್ಲಿ ನುಡಿಸಿದರು. ಐಸು, ಮೀನಿನ ವಾಸನೆಗಳ ನಡುವೆ. ಇದನ್ನು ಚೇಷ್ಟೆ ಎನ್ನುವವರು ಎನ್ನಲಿ, ಹಾಡನ್ನು ಬಂದ ಜಾಗದ ಹತ್ತಿರಕ್ಕೆ ಮರಳಿಸುವ ಯತ್ನವೂ ಅದರಲ್ಲಿ ಇಲ್ಲದಿಲ್ಲ.

1977ರಿಂದ 2003ರವರೆಗೆ ಅವರು ಬೆಲ್ಜಿಯಂನ ಲಿಯೇಜ್ ನಗರದ ಸಂಗೀತ ವಿದ್ಯಾಲಯದಲ್ಲಿ ರಚನೆಯ ಪ್ರಾಧ್ಯಾಪಕರಾಗಿದ್ದರು. ಆದರೂ ಅವರ ಕೃತಿಗಳ ವಸ್ತು ಬಹಳ ಕಾಲ ಅಮೆರಿಕದ ದುಡಿಯುವ ಜನರೇ. 1978-79ರ 'ಉತ್ತರ ಅಮೆರಿಕದ ಲಾವಣಿಗಳು' ಎಂಬ ಗುಚ್ಛದಲ್ಲಿ ನಾಲ್ಕು ಪಿಯಾನೋ ರಚನೆಗಳಿವೆ. ಒಂದಕ್ಕೆ ಆಧಾರ 1931ರಲ್ಲಿ ಕೆಂಟಕಿ ರಾಜ್ಯದ ಹಾರ್ಲನ್ ಪ್ರಾಂತದಲ್ಲಿ ನಡೆದ ಕಲ್ಲಿದ್ದಲು ಗಣಿ ಕಾರ್ಮಿಕರ ಮುಷ್ಕರ. ಮುಷ್ಕರದ ಮುಂದಾಳು ಸ್ಯಾಮ್ ರೀಸ್ ಅವರನ್ನು ಹುಡುಕಿಕೊಂಡು ಷೆರೀಫನ ಆಳುಗಳು ಮನೆಗೆ ನುಗ್ಗಿ ಜಾಲಾಡಿ ಹೋದ ಮೇಲೆ, ಹೆಂಡತಿ ಫ್ಲಾರೆನ್ಸ್ ರೀಸ್ ಗೋಡೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಮೇಲೆ ಹಾಡು ಬರೆದರು. ನೀವು ಯಾರ ಕಡೆ ಎಂದು ಕೇಳುವ ಹಾಡು. ಗುಚ್ಛದ ಕೊನೆಯ ರಚನೆ ದಕ್ಷಿಣ ಕರೊಲೈನಾದ ವಿನ್ಸ್‌ಬರೊ ಹತ್ತಿಗಿರಣಿಯ ಹಾಡಿನ ಮೇಲಿನದು. ಹಾಡು ಬರುವ ಮೊದಲು ಗಿರಣಿ ಬರುತ್ತದೆ. ಪಿಯಾನೋದ ತೀರ ಕೆಳಗಿನ ಮನೆಗಳಲ್ಲಿ ಬೆರಳು, ಅಂಗೈ, ಕೊನೆಗೆ ಇಡೀ ಮುಂಗೈ ಬಳಸಿ ಯಂತ್ರದ ಗಡಗಡ ಸದ್ದನ್ನು ಎಬ್ಬಿಸಬೇಕು. ಸ್ಟಾಕ್‌ಹೌಸನ್ನನ ಕೃತಿಯಲ್ಲಿ ಕೈಗವಸು ತೊಟ್ಟು ಕಲಿತ ವಿದ್ಯೆ ಇಲ್ಲಿ ಮಗ್ಗಗಳ ಸದ್ದಾಗಿದೆ. ಆ ಗದ್ದಲದ ಮೇಲೆ ನಿಧಾನಕ್ಕೆ ಕಾರ್ಮಿಕರ ಬ್ಲೂಸ್ ಮಟ್ಟು ಏಳುತ್ತದೆ. ಎಂಟು ಹತ್ತು ನಿಮಿಷದ ಈ ರಚನೆ ಜೆವ್‌ಸ್ಕಿ ಅವರನ್ನು ಹೊಸದಾಗಿ ಕೇಳುವವರಿಗೆ ಒಳ್ಳೆಯ ಬಾಗಿಲು.

1992ರ 'ಡಿ ಪ್ರೊಫಂಡಿಸ್' ಮತ್ತೆ ಸೆರೆಮನೆಗೆ ಮರಳುತ್ತದೆ. 1895ರಲ್ಲಿ ಸಲಿಂಗಕಾಮದ ಆರೋಪದ ಮೇಲೆ ಎರಡು ವರ್ಷ ಕಠಿಣ ಶಿಕ್ಷೆಗೆ ಗುರಿಯಾದ ಐರಿಷ್ ಲೇಖಕ ಆಸ್ಕರ್ ವೈಲ್ಡ್ ರೆಡಿಂಗ್ ಜೈಲಿನಿಂದ ಬರೆದ ದೀರ್ಘ ಪತ್ರವೇ ಇದರ ಪಠ್ಯ. ಇಲ್ಲಿ ಓದುವವರು, ನುಡಿಸುವವರು ಬೇರೆ ಬೇರೆಯಲ್ಲ. ವಾದಕನೇ ನುಡಿಸುತ್ತ ಮಾತನಾಡಬೇಕು, ಗುನುಗಬೇಕು, ಏದುಸಿರು ಬಿಡಬೇಕು, ತನ್ನ ಮೈ, ತಲೆಯನ್ನು ತಾನೇ ತಟ್ಟಿಕೊಳ್ಳಬೇಕು. ಕೋಟು ತೊಟ್ಟು ಗಂಭೀರವಾಗಿ ಕೂರುವ ಪಿಯಾನೋ ವಾದಕನ ಮಾನಮರ್ಯಾದೆಯೆಲ್ಲ ಅರ್ಧ ಗಂಟೆಯಲ್ಲಿ ಕಳಚಿಬೀಳುತ್ತದೆ. ಸಮಾಜ ವೈಲ್ಡ್‌ನನ್ನು ಬೀದಿಗೆ ತಂದು ಬೆತ್ತಲು ಮಾಡಿದ ಅನುಭವದ ಒಂದು ಅಂಶವನ್ನು ಹೀಗೆ ವಾದಕನ ಮೈಮೇಲೇ ಹೇರುವುದು ಜೆವ್‌ಸ್ಕಿ ಅವರ ಉದ್ದೇಶವಿರಬೇಕು. ಸಲಿಂಗಿಗಳ ಹಕ್ಕಿನ ಹೋರಾಟದಲ್ಲಿರುವ ಅನೇಕ ವಾದಕರಿಗೆ ಇದು ಪ್ರಿಯವಾದ ಕೃತಿ.

ಕೊನೆಯ ದಶಕಗಳಲ್ಲಿ ಅವರು ಮತ್ತೆ ಮನೆಯ ಪಿಯಾನೋದ ಕಡೆ ತಿರುಗಿದರು. 1995ರಿಂದ 2003ರ ತನಕ ಬರೆದ 'ದಿ ರೋಡ್' ಎಂಬುದು 64 'ಮೈಲಿ'ಗಳ, ಎಂಟು ಗಂಟೆಗೂ ಮೀರಿದ ರಚನೆ. ಅದನ್ನು ಕಾದಂಬರಿಯಂತೆ, ಬಿಡುವಾದಾಗ ಒಂದಿಷ್ಟು ಓದಿಕೊಳ್ಳುವ ಹಾಗೆ ನುಡಿಸಿಕೊಳ್ಳಬೇಕೆಂದು ಅವರ ಅಪೇಕ್ಷೆ. ಎಲ್ಲವೂ ಒಂದೇ ಎತ್ತರದ್ದೇನಲ್ಲ. ದಿನಚರಿ ಬರೆದಂತೆ ಬರೆದ ಸಂಗೀತದಲ್ಲಿ ಮಂಕಾದ ಪುಟಗಳೂ ಇದ್ದೇ ಇರುತ್ತವೆ. ಬರೆದದ್ದರಲ್ಲಿ ಬಹುಪಾಲು ಸ್ವರಲಿಪಿಗಳನ್ನು ಯಾರು ಬೇಕಾದರೂ ಹಣ ಕೊಡದೆ ಪಡೆಯಲಿ ಎಂದು ಅಂತರಜಾಲದಲ್ಲಿ ಇಟ್ಟುಬಿಟ್ಟರು. ಕೃತಿಸ್ವಾಮ್ಯದ ಹಣವೇ ಜೀವನಾಧಾರವಾದ ವೃತ್ತಿಯಲ್ಲಿ ಇದು ಸಣ್ಣ ಮಾತಲ್ಲ.

2019ರ ಅಕ್ಟೋಬರ್‌ನಲ್ಲಿ ಸಾಂಟಿಯಾಗೊ ನಗರದಲ್ಲಿ ಮೆಟ್ರೋ ರೈಲಿನ ದರ ಏರಿಕೆಯಿಂದ ಹೊತ್ತಿಕೊಂಡ ಪ್ರತಿಭಟನೆ ಇಡೀ ದೇಶಕ್ಕೆ ಹಬ್ಬಿತು. ಲಕ್ಷಾಂತರ ಜನ ಬೀದಿಯಲ್ಲಿ ನಿಂತು ಒರ್ಟೇಗಾ ಅವರ ಹಾಡನ್ನು ಮತ್ತೆ ಹಾಡಿದರು. ಅವರಲ್ಲಿ ಬಹುಪಾಲು ಮಂದಿ ಅದು ಹುಟ್ಟಿದಾಗ ಹುಟ್ಟಿರಲಿಲ್ಲ. ಒರ್ಟೇಗಾ 2003ರಲ್ಲಿಯೇ ಪ್ಯಾರಿಸ್‌ನಲ್ಲಿ ತೀರಿಕೊಂಡಿದ್ದರು. ಜೆವ್‌ಸ್ಕಿ 2021ರ ಜೂನ್ 26ರಂದು ಇಟಲಿಯಲ್ಲಿ ನಿಧನರಾದರು. ಆಗ ಅವರಿಗೆ 83 ವರ್ಷ.

36ನೆಯ ವಿಸ್ತರಣೆಗೂ ಕೊನೆಯಲ್ಲಿ ಮರಳಿ ಬರುವ ಮೂಲ ಹಾಡಿಗೂ ನಡುವೆ ಸಂಯೋಜಕರು ಒಂದು ಜಾಗ ಬಿಟ್ಟಿದ್ದಾರೆ. ವಾದಕರು ಮನಸ್ಸಿದ್ದರೆ ಅಲ್ಲಿ ತಮಗೆ ಆ ಹೊತ್ತಿಗೆ ತೋಚಿದ್ದನ್ನು ನುಡಿಸಬಹುದು. ಜೆವ್‌ಸ್ಕಿ ತಾವೇ ನುಡಿಸುವಾಗ ಅಲ್ಲಿ ಪ್ರತಿ ಸಲವೂ ಬೇರೆಯದನ್ನೇ ಕಟ್ಟುತ್ತಿದ್ದರು. ಕೆಲವರು ಅದನ್ನು ಬಿಟ್ಟು ನೇರ ಹಾಡಿಗೆ ಹೋಗುತ್ತಾರೆ. ಇನ್ನು ಕೆಲವರು ತಮ್ಮ ನಾಡಿನ ಮಟ್ಟುಗಳನ್ನು ಅಲ್ಲಿಗೆ ತರುತ್ತಾರೆ. ಮುದ್ರಿತ ಪ್ರತಿಯಲ್ಲಿ ಆ ಜಾಗದಲ್ಲಿ ಒಂದು ಸ್ವರವನ್ನೂ ಬರೆದಿಲ್ಲ.